ಮಾವನ ಹೆಸರು ಹೇಳಿದ್ದಕ್ಕೆ

ಎಂಟು ತಿಂಗಳ ಬಸುರಿಯಾಗಿದ್ದಾಗ ಗಂಡ ನನ್ನ ಕೆನ್ನೆಗೆ ಹೊಡೆದರು. ನಾನು ಮಾಡಿದ್ದ ತಪ್ಪೆಂದರೆ ಸತ್ತುಹೋದ ಮಾವನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು. ನಮ್ಮ ಕಡೆ ಸೊಸೆಯಾದವಳು ಗಂಡನ ಹೆಸರನ್ನೂ ಮಾವನ ಹೆಸರನ್ನೂ ಹೇಳುವಂತಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಗೋವಾದ ಝುವಾರಿನಗರದಲ್ಲಿ ತಗಡಿನ ಒಂದು ಖೋಲಿಯೇ ನಮ್ಮ ಮನೆ. ಗಂಡ ಲಾರಿಗೆ ಚೀಲ ಹೇರುವ ಹಮಾಲಿ ಮಾಡುತ್ತಿದ್ದರು. ನನಗೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನಕ್ಕೆ ವಿಜಾಪುರದ ಕಡೆಯ ಹಳ್ಳಿಯಿಂದ ಅತ್ತೆ ಬಂದಿದ್ದರು.

ಮಾವ ಸತ್ತು ವರ್ಷವಾಗಿತ್ತು. ಅವರ ಕೈಯಿಂದ ಪೆಟ್ಟು ತಿನ್ನದವರು ಮನೆಯಲ್ಲಿ ಯಾರೂ ಇರಲಿಲ್ಲ. ಬಾರುಕೋಲಿನಿಂದ ಹೊಡೆದು ಅತ್ತೆಯ ಎಡಗೈ ಮುರಿದಿದ್ದರು. ಅದು ಸೊಟ್ಟಗೇ ಕೂಡಿಕೊಂಡಿತ್ತು. ನನ್ನ ಮದುವೆಯಾದ ಮೊದಲ ವರ್ಷ ರೊಟ್ಟಿ ಸೀದಿದ್ದಕ್ಕೆ ಉರಿಯುವ ಕೊಳ್ಳಿಯನ್ನೇ ನನ್ನ ಬೆನ್ನಿಗೆ ಎಸೆದಿದ್ದರು. ಹೊಡೆತ ತಿಂದೇ ಬೆಳೆದ ನನ್ನ ಗಂಡ ಮಾತ್ರ ಅಪ್ಪನ ನೆನಪಾದರೆ ಅಳುತ್ತಿದ್ದರು.

ಒಂದು ರವಿವಾರ ಮಧ್ಯಾಹ್ನ ಊಟಕ್ಕೆ ಕೂತ ಗಂಡ, “ಗಂಡು ಹುಟ್ಟಿದ್ರ ಅಪ್ಪನ ಹೆಸರ. ಅಪ್ಪ ತಿರುಗಿ ಬರಾಕತ್ತಾನ,” ಅಂದರು.

“ಬ್ಯಾಡ್ರಿ. ಬ್ಯಾರೆ ಯಾವುದಾರ ಇಡೂಣು.”

“ಯಾಕ ಬ್ಯಾಡ?”

“ಆ ಹೆಸರ ನಾ ಬಾಯಾಗ ತರಾಕ ಬರಂಗಿಲ್ಲ. ನನ್ನ ಕೂಸಿಗೆ ನಾ ಏನಂತ ಕರೀಲಿ?”

“ಮುತ್ಯಾ ಅನ್ನು. ಅಜ್ಜನ ಹೆಸರ ಇಟ್ಟ ಕೂಸಿಗೆ ಊರಾಗ ಎಲ್ಲಾರೂ ಹಂಗ ಕರೀತಾರ.”

ಅಷ್ಟು ಸಲೀಸಾಗಿ ಹೇಳಿ ಮತ್ತೆ ತಾಟಿಗೆ ಕೈಹಾಕಿದರು. ನನಗೆ ತಡೆಯಲಾಗಲಿಲ್ಲ. “ಹಂಗಾದ್ರ ಈಗಿಂದನ ರೂಢಿ ಮಾಡ್ಕೋತೇನಿ,” ಎಂದವಳೇ ಮಾವನ ಹೆಸರನ್ನು ಬೀದಿಗೆ ಕೇಳುವಂತೆ ಕೂಗಿದೆ.

ಏಟು ಬಿತ್ತು. ಕಿವಿ ಗುಂಯ್ ಎಂದಿತು, ಬಾಯಲ್ಲಿ ರಕ್ತದ ರುಚಿ. ಮತ್ತೆ ಕೂಗಿದೆ. ಎಂಜಲು ಕೈಯಲ್ಲೇ ಕೂದಲು ಹಿಡಿದು ಗೋಡೆಗೆ ನೂಕಿದರು. ಎರಡೂ ಕೈಯನ್ನು ಹೊಟ್ಟೆಗೆ ಅಡ್ಡ ಹಿಡಿದಿದ್ದೆ. ಮುಖ ಕಾಯಲು ಕೈ ಉಳಿದಿರಲಿಲ್ಲ.

ಒಲೆಯ ಮುಂದಿದ್ದ ಅತ್ತೆ ಕಟ್ಟಿಗೆಯೊಂದನ್ನು ಎತ್ತಿಕೊಂಡು ಬಂದು ಮಗನ ಭುಜಕ್ಕೆ ಬಾರಿಸಿದರು. ಗಂಡ ತಿರುಗುವಷ್ಟರಲ್ಲಿ ಇನ್ನೊಂದು. ತಪ್ಪಿಸಿಕೊಳ್ಳಲು ಹೋದಾಗ ತಗಡಿನ ಬಾಗಿಲಿನ ಅಂಚು ಅವರ ಹಣೆಯನ್ನು ಸೀಳಿತು. ರಕ್ತ ಕಣ್ಣಿಗಿಳಿಯಿತು. ಕೆರಳಿ, ಹೆತ್ತವಳ ಮೇಲೂ ಕೈ ಎತ್ತಿದರು.

ಅತ್ತೆ ಹಿಂದೆ ಸರಿಯಲಿಲ್ಲ. “ಹೊಡಿಯೋ. ನಿಮ್ಮಪ್ಪ ಎಡಗೈ ಮುರದಾನ. ಬಲಗೈ ಉಳದೈತಿ, ನೀ ಮುರಿ. ಆಮ್ಯಾಲೆ ಆ ಹೆಸರ ಇಡಂತಿ.”

ಎತ್ತಿದ ಕೈ ಕೆಳಗಿಳಿಯಿತು. ಗಂಡ ಅಲ್ಲೇ ಚೆಲ್ಲಿದ ಸಾರಿನ ಮೇಲೆ ಕುಸಿದು ಕೂತರು. ಬಾಗಿಲಿಗೆ ಬಂದಿದ್ದ ನೆರೆಯವರು ಒಬ್ಬೊಬ್ಬರೇ ಸರಿದುಹೋದರು. ಅತ್ತೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಮಿಸುಕುವವರೆಗೆ ಕಾದರು. ಮಗನ ಹಣೆಗೆ ಅರಿಶಿನ ಒತ್ತಿದ್ದು ಆಮೇಲೆ.

ಮೂರು ವಾರಕ್ಕೆ ಗಂಡುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಮೆಲ್ಲಗೆ, “ಮನಸಿನ್ಯಾಗ ಯಾವ ಹೆಸರ ಇಟ್ಕೊಂಡೀಯವ್ವಾ?” ಎಂದು ಕೇಳಿದರು. ಹೇಳಿದೆ. ನಳದ ಸಾಲಿನಲ್ಲಿ ನಿಂತಾಗ ಯಾರೋ ತಾಯಿ ತನ್ನ ಮಗನನ್ನು ಕರೆಯುತ್ತಿದ್ದ ಹೆಸರು ಅದು. ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಆ ಹೆಸರಿನವರು ಯಾರೂ ನನ್ನನ್ನು ಹೊಡೆದಿರಲಿಲ್ಲ. ಅತ್ತೆ ಅದನ್ನೇ ಕೂಸಿನ ಕಿವಿಯಲ್ಲಿ ಹೇಳಿದರು. ಗಂಡ ಹೊರಗೆ ಬೀಡಿ ಸೇದುತ್ತಾ ನಿಂತಿದ್ದರು.

ಮಗ ನಡೆಯುವಷ್ಟಾದರೂ ಅವರು ಆ ಹೆಸರು ಹಿಡಿದು ಕರೆಯಲಿಲ್ಲ. “ಏ ಹುಡುಗಾ,” ಅಷ್ಟೇ. ಒಮ್ಮೆ ಅವನು ರಸ್ತೆಗೆ ಓಡಿದ. ಎದುರಿಗೆ ಲಾರಿ. ಆಗ ಅವರ ಬಾಯಿಂದ ಆ ಹೆಸರು ಚೀರಿಕೊಂಡು ಬಂತು. ರಟ್ಟೆ ಹಿಡಿದು ಮಗನನ್ನು ಎಳೆದುಕೊಂಡರು. ಎಳೆದವರೇ ಅವನ ಬೆನ್ನಿಗೆ ಎರಡು ಬಿಗಿದರು. ನಾನು ಓಡಿಹೋಗಿ ಕಸಿದುಕೊಂಡೆ.

“ಹೆಸರ ಕರದ್ರಿ, ಸಾಕಿತ್ತು. ಹೊಡದದ್ದು ಯಾಕ?”

ಗಂಡ ಆ ದಿನದಿಂದ ಮಗನನ್ನು ಹೆಸರು ಹಿಡಿದೇ ಕರೆದರು. ಮತ್ತೆಂದೂ ಕೈ ಎತ್ತಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕಡಿಮೆಯಾಯಿತು. ಎತ್ತಿದಾಗಲೆಲ್ಲ ನಾನು ನಡುವೆ ಹೋಗಿ ನಿಂತೆ.