ಉಪ್ಪಿನಕಾಯಿ ಡಬ್ಬಿಯ ಜೊತೆಗಿದ್ದ ಚೀಟಿ

ಎರಡು ವರ್ಷಗಳ ಹಿಂದೆ, ರಂಜಾನ್ ಮುಗಿದ ವಾರ, ನನ್ನ ಅಣ್ಣ ದಿನೇಶ ರಜೆ ಮುಗಿಸಿ ಕುವೈತಿಗೆ ವಾಪಸಾದ. ಏರ್‌ಪೋರ್ಟಿನಿಂದ ಹೊರಗೆ ಬರಲೇ ಇಲ್ಲ.

ಅಣ್ಣ ಅಲ್ಲಿನ ಫರ್ವಾನಿಯಾ ಎಂಬ ಕಡೆ ಒಂದು ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಎಲ್ಲೆಲ್ಲೋ ದೋಸೆ ಹೊಯ್ದು ನನ್ನನ್ನು ಬಿ.ಕಾಂ. ಓದಿಸಿದವನು. ನಮ್ಮ ಕುಟುಂಬದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕುವೈತ್ ಸಿಟಿಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತೇನೆ.

ಊರಿನಿಂದ ಬರುವವರ ಕೈಯಲ್ಲಿ ಪಾರ್ಸೆಲ್ ಕಳಿಸುವುದು ನಮ್ಮವರಲ್ಲಿ ಇದ್ದದ್ದೇ. ಬೇಡ ಎನ್ನುವಂತಿಲ್ಲ. ಬಿಚ್ಚಿ ನೋಡಿದರೆ ನಂಬಿಕೆಯಿಲ್ಲವೇ ಎಂದು ಮುಖ ಊದಿಸುತ್ತಾರೆ. ಕಸ್ಟಮ್ಸಿನವರು ಕೇಳಿದರೆ ಎಲ್ಲ ನನ್ನದೇ ಎನ್ನಬೇಕು. ಪಕ್ಕದ ಮನೆಯ ಸುಮತಿಯಕ್ಕ ತನ್ನ ಮಗ ನವೀನನಿಗೆಂದು ಬಟ್ಟೆಯಲ್ಲಿ ಹೊಲಿದ ಗಂಟೊಂದನ್ನು ಅಣ್ಣನಿಗೆ ಕೊಟ್ಟರು. ನವೀನ ಕುವೈತಿನ ಎಗೈಲಾ ಎಂಬಲ್ಲಿ ಮಾಲ್ ಒಂದರಲ್ಲಿ ಕೆಲಸಕ್ಕಿದ್ದ.

"ಹಪ್ಪಳ, ಉಪ್ಪಿನಕಾಯಿ ಮಾರಾಯ, ಬೇರೆ ಎಂತ ಇಲ್ಲ" ಎಂದಿದ್ದರಂತೆ.

ಗಂಟಿನೊಳಗೆ ನೋವಿನ ಮಾತ್ರೆಗಳಿದ್ದವು. ಊರಿನಲ್ಲಿ ಡಾಕ್ಟರು ಬರೆದುಕೊಡುವಂಥವೇ, ಆದರೆ ಇಲ್ಲಿನ ಕಾನೂನಿನಲ್ಲಿ ಅವು ಮಾದಕವಸ್ತು.

ಅಣ್ಣ ಎಂದಿನಂತೆ "ನನ್ನದೇ" ಎಂದ. ನವೀನನ ಮೇಲೂ ಕೇಸು ಹಾಕಿ, ಅದರ ವಿಚಾರಣೆಗೆ ಸಾಕ್ಷಿಯಾಗಿ ಕರೆದು, ಪ್ರಮಾಣ ಮಾಡಿಸಿ ಕೇಳಿದಾಗಲೂ ಅದನ್ನೇ ಹೇಳಿದ. ನೆರೆಮನೆಯ ಹುಡುಗ ಸಿಕ್ಕಿಬೀಳುವುದು ಬೇಡ ಎಂದು. ಆ ಹುಡುಗ ಅಷ್ಟರಲ್ಲಿ ವಿಮಾನ ಹತ್ತಿ ಊರು ಸೇರಿದ್ದ. ಅಣ್ಣನ ಫೋನಿನಲ್ಲಿ ಪೊಲೀಸರಿಗೆ ಅವನ ಮೆಸೇಜ್ ಮಾತ್ರ ಸಿಕ್ಕಿತ್ತು: "ಪಾರ್ಸೆಲ್ ತಂದ್ರಾ?"

ಇಬ್ಬರೂ ಸೇರಿ ಮಾದಕವಸ್ತು ತರಿಸುವ ಸಂಚು ಮಾಡಿದ್ದು ಒಂದು ಆರೋಪ, ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಇನ್ನೊಂದು. ಏಳು ತಿಂಗಳಾದ ಮೇಲೆ ಎರಡಕ್ಕೂ ಶಿಕ್ಷೆಯಾಯಿತು. ಸಂಚಿಗೆ ಐದು ವರ್ಷ, ಸುಳ್ಳಿಗೆ ಕೆಲವು ತಿಂಗಳು ಜೈಲು, ಆಮೇಲೆ ಗಡೀಪಾರು. ಕೋರ್ಟಿನಲ್ಲಿ ಅಣ್ಣನಿಗೆ ಕೊಟ್ಟ ದುಭಾಷಿ ಹಿಂದಿಯವನು. ಅಣ್ಣನಿಗೆ ಬರುವ ಹಿಂದಿ ಈರುಳ್ಳಿ ಹೆಚ್ಚು, ಗ್ಯಾಸ್ ಆರಿಸು ಎನ್ನುವಷ್ಟು.

ಅಪೀಲಿಗೆ ಕೆಲವೇ ದಿನಗಳಿದ್ದವು. ವಕೀಲರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಹಮೀದ್ ಭಾಯಿ ನಮ್ಮ ಮಂಗಳೂರಿನ ಕಡೆಯವರು.

"ಅಕ್ಕ, ಅಪೀಲಿನಲ್ಲಿ ಕಣ್ಣೀರು ನಡೆಯೂದಿಲ್ಲ. ಮೊದಲಿನ ಕೋರ್ಟು ಎಲ್ಲಿ ತಪ್ಪಿತು ಅಂತ ತೋರಿಸ್ಬೇಕು" ಎಂದರು.

"ಹಾಗಾದ್ರೆ ಫೈಲು ಪೂರ್ತಿ ಓದಿ ಹೇಳಿ."

"ಪೂರ್ತಿಯಾ? ನಿಮಗೆ ಎಂತ ಪರೀಕ್ಷೆ ಉಂಟಾ?"

"ಉಂಟು ಅಂತಲೇ ಇಟ್ಕೊಳ್ಳಿ."

ಮೂರು ಸಂಜೆ ಅವರು ಅರೇಬಿಕ್ ನೋಡಿ ಕನ್ನಡದಲ್ಲಿ ಹೇಳಿದರು, ನಾನು ಬರೆದುಕೊಂಡೆ. ಮೂರನೆಯ ಸಂಜೆ ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಬಂತು. ಹಪ್ಪಳ, ಉಪ್ಪಿನಕಾಯಿ ಡಬ್ಬಿ, ಮಾತ್ರೆ, ಕೊನೆಗೆ "ತಿಳಿಯದ ಲಿಪಿಯ ಚೀಟಿ, ಒಂದು."

"ತಿಳಿಯದ ಲಿಪಿ ಅಂದ್ರೆ ಯಾವ್ದು?"

"ಯಾರಿಗೆ ಗೊತ್ತು? ಅದರ ಫೋಟೋ ಹಿಂದಿನ ಪುಟದಲ್ಲಿ ಉಂಟು." ಹಮೀದ್ ಭಾಯಿ ಪುಟ ತಿರುಗಿಸಿದರು. ಫೈಲನ್ನು ಮೆಲ್ಲಗೆ ನನ್ನ ಕಡೆ ತಳ್ಳಿ, "ನಾನೂ ಇದನ್ನು ನೋಡಿರ್ಲಿಲ್ಲ ಅಕ್ಕ" ಎಂದರು.

ಅದು ಸುಮತಿಯಕ್ಕನ ಗುಂಡು ಗುಂಡಾದ ಕನ್ನಡ ಅಕ್ಷರ. "ನವೀನ, ನಿನ್ನ ಸೊಂಟನೋವಿಗೆ ಮಾತ್ರೆ ಡಬ್ಬಿಯ ಕೆಳಗೆ ಉಂಟು. ದಿನೇಶನಿಗೆ ಹೇಳಲಿಲ್ಲ. ಹೇಳಿದರೆ ಅವನು ತಕೊಂಡು ಬರುವುದಿಲ್ಲ."

ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಏಳು ತಿಂಗಳು ಈ ಮೂರು ಸಾಲು ಕೋರ್ಟಿನ ಫೈಲಿನಲ್ಲೇ ಇತ್ತು. ಪೊಲೀಸರು ಫೋಟೋ ತೆಗೆದರು, ನಂಬರ್ ಹಾಕಿದರು, ಸೀಲು ಒತ್ತಿದರು. ಓದಿಸಲಿಲ್ಲ. ನಮ್ಮವರು ಎಷ್ಟೊಂದು ಜನ ದುಡಿಯುವ ಈ ದೇಶದಲ್ಲಿ ಕನ್ನಡ ಬಲ್ಲ ಒಬ್ಬರು ಸಿಗಲಿಲ್ಲವೇ? ನಮ್ಮ ವಕೀಲರೂ ಕೇಳಲಿಲ್ಲ. ಫೈಲು ತೋರಿಸಿ ಎಂದು ಏಳು ತಿಂಗಳಲ್ಲಿ ನಾನೂ ಕೇಳಿರಲಿಲ್ಲ. ಆ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ಮೇಲಿನ ಕೋರ್ಟಿನಲ್ಲಿ ಚೀಟಿಯನ್ನು ತಂಗಿ ಓದಿ ಹೇಳಿದರೆ ನಡೆಯುವುದಿಲ್ಲ ಎಂದರು. ಕನ್ನಡ ಬಲ್ಲ ಮಂಗಳೂರಿನ ನರ್ಸ್ ಒಬ್ಬರನ್ನು ಕರೆಸಿದರು. ಅವರು ಔಷಧಿ ಚೀಟಿ ಓದುವ ಹಾಗೆ ನಿಧಾನವಾಗಿ ಓದಿ, ಅರ್ಥ ಹೇಳಿದರು. ಕೈಯಲ್ಲಿದ್ದ ಸಾಕ್ಷ್ಯವನ್ನು ಓದಿಸದೆ ತೀರ್ಪು ಕೊಟ್ಟದ್ದು ತಪ್ಪು ಎಂದು ಸಂಚಿನ ಶಿಕ್ಷೆ ರದ್ದಾಯಿತು. ಸುಳ್ಳು ಪ್ರಮಾಣದ ಶಿಕ್ಷೆ ಉಳಿಯಿತು. ಅದನ್ನು ಅಣ್ಣ ಅಷ್ಟರಲ್ಲಿ ಅನುಭವಿಸಿ ಮುಗಿಸಿದ್ದ. ಗಡೀಪಾರು ತಪ್ಪಲಿಲ್ಲ.

ಹೊರಡುವ ಮುನ್ನ ಜೈಲಿನ ಗಾಜಿನಾಚೆ ಕೂತು ಅಣ್ಣ, "ಅದೊಂದು ಸರಿಯೇ ಅಲ್ವಾ ತಂಗಿ? ಸುಳ್ಳು ಹೇಳಿದ್ದು ನಾನೇ" ಎಂದ.

ಹೋದ ರಜೆಯಲ್ಲಿ ಊರಿಗೆ ಹೋಗಿದ್ದೆ. ಅಣ್ಣ ಈಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮತ್ತೆ ದೋಸೆ ಕಾವಲಿಯ ಮುಂದೆ ನಿಂತಿದ್ದಾನೆ. ನಾನು ಹೊರಡುವ ಹಿಂದಿನ ದಿನ ಸುಮತಿಯಕ್ಕ ಬಂದರು. ಅವರ ತಂಗಿಯ ಮಗಳು ಕುವೈತಿನಲ್ಲಿದ್ದಾಳಂತೆ. ಕೈಯಲ್ಲಿ ಹೊಲಿದ ಬಟ್ಟೆಗಂಟು.

"ಹಪ್ಪಳ ಮಾತ್ರ ಮಗಾ."

ನಾನು ಒಳಗಿನಿಂದ ಕತ್ತರಿ ತಂದು ಅವರ ಮುಂದಿಟ್ಟೆ. ಅವರು ಗಂಟನ್ನೂ ಕತ್ತರಿಯನ್ನೂ ನೋಡಿ, "ಓದಿದ್ದು ಹೆಚ್ಚಾಯಿತು ನಿಂಗೆ" ಎಂದು ಎದ್ದು ಹೋದರು. ಗಂಟನ್ನು ತೆಗೆದುಕೊಂಡೇ ಹೋದರು.