ಹೆಬ್ಬೆರಳು ತಗ್ಗಿಸಿದ ಗಿಟಾರ್ ಮೇಷ್ಟ್ರು

ಬೆಳಗಿನ ಐದೂವರೆ. ಆರ್.ಟಿ. ನಗರದ ಮೂರಂತಸ್ತಿನ ಮನೆಯೊಂದರ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮುಬಶ್ಶಿರ್ ಕೂತಿದ್ದಾರೆ. ನಮಾಜು ಮುಗಿಸಿ ನೇರ ಮೇಲೆ ಬಂದವರು. ಎಡಗಾಲು ಊಟದ ಮಣೆಯ ಮೇಲೆ, ಎಡತೊಡೆಯ ಮೇಲೆ ಗಿಟಾರು, ಅದರ ಕತ್ತು ಓರೆಯಾಗಿ ಭುಜದೆತ್ತರಕ್ಕೆ. ಎದುರಿನ ಗೋಡೆಗೆ ಒಂದು ಕನ್ನಡಿ ಒರಗಿಸಿದ್ದಾರೆ. ಅದರಲ್ಲಿ ಅವರು ಮುಖ ನೋಡಿಕೊಳ್ಳುವುದಿಲ್ಲ. ಗಿಟಾರಿನ ಕತ್ತಿನ ಹಿಂದೆ ತೆಪ್ಪಗಿರಬೇಕಾದ ಎಡಗೈ ಹೆಬ್ಬೆರಳು ಮೇಲೆ ತಲೆ ಹಾಕುತ್ತಿದೆಯೇ ಎಂದು ಕಾವಲು ಕಾಯುತ್ತಾರೆ.

ನುಡಿಸುವುದು ಹಾಡಲ್ಲ, ಸ್ಕೇಲು. ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ನಿಮಿಷಕ್ಕೆ ಅರವತ್ತು ತಾಳದ ನಿಧಾನದಲ್ಲಿ. ಬಲಗೈಯ ತೋರುಬೆರಳು, ನಡುಬೆರಳು ಸರದಿಯಂತೆ ತಂತಿ ಮೀಟುತ್ತವೆ; ಒಂದೇ ಬೆರಳು ಎರಡು ಸಲ ಬಿತ್ತೋ, ಮತ್ತೆ ಮೊದಲಿನಿಂದ. ದಿನಕ್ಕೆ ಹನ್ನೆರಡು ಸ್ಕೇಲು, ಒಂದೊಂದೂ ಹತ್ತು ಸಲ. ಪಕ್ಕದ ಮನೆಯ ವರಲಕ್ಷ್ಮಮ್ಮ ತುಳಸಿಗೆ ನೀರು ಹಾಕುತ್ತಾ ಇದನ್ನು ಮೂರು ವರ್ಷದಿಂದ ಕೇಳುತ್ತಿದ್ದಾರೆ. "ನಾನೂ ಚಿಕ್ಕೋಳಿದ್ದಾಗ ಸರಳೆ ವರಸೆ ಕಲ್ತೋಳೇ ಕಣ್ರೀ. ಆದ್ರೆ ಇವ್ರು ಯಾವಾಗ ಕೀರ್ತನೆಗೆ ಬರ್ತಾರೋ ಅಂತ ಕಾದೂ ಕಾದೂ ಸಾಕಾಯ್ತು" ಎಂದು ನಗುತ್ತಾರೆ.

ಮುಬಶ್ಶಿರ್‌ಗೆ ಈಗ ಐವತ್ತು. ಹುಣಸಮಾರನಹಳ್ಳಿಯ ಹತ್ತಿರದ ಖಾಸಗಿ ಶಾಲೆಯೊಂದರಲ್ಲಿ ಮೂವತ್ನಾಲ್ಕು ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಾರೆ. ಅದಕ್ಕೂ ಮುಂಚೆ ಹದಿನೆಂಟು ವರ್ಷ ಆರ್ಕೆಸ್ಟ್ರಾದಲ್ಲಿದ್ದವರು. ಗಣೇಶನ ಪೆಂಡಾಲು, ಮದುವೆ ಆರತಕ್ಷತೆ, ರಾಜ್ಯೋತ್ಸವ, ಯಾವುದನ್ನೂ ಬಿಟ್ಟವರಲ್ಲ. ಅಲ್ಲಿ ನುಡಿಸುತ್ತಿದ್ದ ಗಿಟಾರಿನ ಕತ್ತು ಸಣ್ಣದು. ನಿಂತು, ಕುಣಿದು, ಹೆಬ್ಬೆರಳನ್ನು ಕತ್ತಿನ ಮೇಲಿಂದ ಇಳಿಬಿಟ್ಟು ಮುಷ್ಟಿಯಲ್ಲಿ ಹಿಡಿದು ಬಾರಿಸಿದರೂ ನಡೆಯುತ್ತಿತ್ತು. "ಪೊರಕೆ ಹಿಡ್ಕೊಂಡಂಗೆ ಹಿಡೀತಿದ್ದೆ. ಜನ ಶಿಳ್ಳೆ ಹೊಡೀತಿದ್ರಲ್ಲ, ಸರಿಯಾಗೇ ಇದೆ ಅಂದ್ಕೊಂಡಿದ್ದೆ" ಎನ್ನುತ್ತಾರೆ.

ಸರಿಯಿಲ್ಲ ಎಂದು ಮೊದಲು ಹೇಳಿದ್ದು ಮಣಿಕಟ್ಟು. ಶಾಲೆಗೆ ಸೇರಿದ ಎರಡನೇ ವರ್ಷ ಚಹಾದ ಲೋಟ ಎತ್ತಲಾರದಷ್ಟು ನೋವು ಬಂತು. ಡಾಕ್ಟರು, ಹಿಡಿತ ಬದಲಿಸಿ, ಇಲ್ಲವೇ ಗಿಟಾರ್ ಬಿಡಿ ಎಂದರು. ಬಿಡುವ ಮಾತಿರಲಿಲ್ಲ. ಅಗಲ ಕತ್ತಿನ, ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರೊಂದನ್ನೂ ಒಂದು ಹಳೇ ಪುಸ್ತಕವನ್ನೂ ತಂದು, ನಲವತ್ತೇಳನೇ ವಯಸ್ಸಿನಲ್ಲಿ ಅ ಆ ಇ ಈಯಿಂದ ಶುರು ಮಾಡಿದರು. ಹೆಬ್ಬೆರಳು ಕತ್ತಿನ ಹಿಂದೆ, ನಡುಬೆರಳಿಗೆ ಎದುರಾಗಿ. ಉಳಿದ ಬೆರಳು ಬಾಗಿ, ತುದಿ ಮಾತ್ರ ತಂತಿಗೆ. ಬಲಗೈ ಒಂದು ನಿಂಬೆಹಣ್ಣು ಹಿಡಿದಷ್ಟು ಗುಂಡಗೆ.

ಆಮೇಲೆ ಅವರು ಮಾಡಿದ ಕೆಲಸ ಎಲ್ಲ ಮೇಷ್ಟ್ರುಗಳಿಂದಲೂ ಆಗುವಂಥದ್ದಲ್ಲ. ಮೊದಲ ಎರಡು ವರ್ಷ ಹಳೇ ಹಿಡಿತದಲ್ಲೇ ಕಲಿಸಿದ್ದ ಹನ್ನೊಂದು ಮಕ್ಕಳ ಮನೆಗೂ ಹೋಗಿ, ನಾನು ತಪ್ಪು ಹೇಳಿಕೊಟ್ಟಿದ್ದೇನೆ, ಮತ್ತೆ ಮೊದಲಿನಿಂದ ಕಲಿಸುತ್ತೇನೆ ಎಂದರು. ನಾಲ್ವರು ಬಿಟ್ಟು ಹೋದರು. ಉಳಿದವರಿಗೂ ಹೊಸಬರಿಗೂ ನಾಲ್ಕು ತಿಂಗಳು ಹಾಡು ಬಂದ್, ಬರೀ ಸ್ಕೇಲು. "ಬೆಳಿಗ್ಗೆ ನಾನು ಕಲ್ತಿದ್ದನ್ನ ಮಧ್ಯಾಹ್ನ ಅವ್ರಿಗೆ ಕಲಿಸ್ತಿದ್ದೆ. ಒಂದು ಹೆಜ್ಜೆ ಮುಂದಿದ್ದೆ, ಅಷ್ಟೇ" ಎಂದು ಒಪ್ಪಿಕೊಳ್ಳುತ್ತಾರೆ.

ಅಷ್ಟರಲ್ಲಿ ಶಾಲೆಯವರು ಹೊಸ ನಿಯಮ ತಂದರು. ವಿದೇಶಿ ಸಂಗೀತ ಪರೀಕ್ಷಾ ಮಂಡಳಿಯ ಎಂಟನೇ ಗ್ರೇಡ್ ಪಾಸಾದವರಿಗೆ ಮಾತ್ರ ಸಂಗೀತದ ತರಗತಿ. ಮುಬಶ್ಶಿರ್ ಬಳಿ ಒಂದನೇ ಗ್ರೇಡಿನ ಚೀಟಿಯೂ ಇರಲಿಲ್ಲ. ಹೋದ ವರ್ಷ ನೇರ ಎಂಟಕ್ಕೇ ಹಣ ಕಟ್ಟಿ, ಕೆಳಗಿನ ಗ್ರೇಡುಗಳಿಗೆ ಕಟ್ಟಿದ್ದ ತಮ್ಮ ತರಗತಿಯ ಐದು ಮಕ್ಕಳ ಜೊತೆ ಪರೀಕ್ಷಾ ಕೇಂದ್ರದ ಕಾರಿಡಾರಿನಲ್ಲಿ ಕೂತು, ಸರದಿ ಬಂದಾಗ ಒಳಗೆ ಹೋದರು. ಎರಡು ಸ್ಕೇಲು ಸರಾಗ. ಮೂರನೆಯದರಲ್ಲಿ ಗಾಬರಿಗೆ ಕೈ ತನ್ನ ಹಳೇ ಚಾಳಿಗೆ ಹೋಯಿತು. ಹೆಬ್ಬೆರಳು ಮೇಲೆ ಬಂತು, ಕಿರುಬೆರಳಿಗೆ ದಪ್ಪ ತಂತಿ ಎಟುಕಲಿಲ್ಲ, ಅಲ್ಲಿಂದಾಚೆ ಏನು ನುಡಿಸಿದರೋ ಅವರಿಗೇ ನೆನಪಿಲ್ಲ. ಐದು ಮಕ್ಕಳೂ ಪಾಸ್, ಮೇಷ್ಟ್ರು ಫೇಲ್!

ಇದನ್ನು ಅವರು ಮುಚ್ಚಿಡಲಿಲ್ಲ. ಮರುದಿನವೇ ತರಗತಿಯಲ್ಲಿ ಹೇಳಿಬಿಟ್ಟರು. ಶಾಲೆ ಇನ್ನೊಂದೇ ವರ್ಷ ಸಮಯ ಕೊಟ್ಟಿತು. ಈ ಸಲವೂ ಪರೀಕ್ಷೆ ಹೋದರೆ ಶಾಲೆ ಹೋಯಿತು, ಮತ್ತೆ ಆರ್ಕೆಸ್ಟ್ರಾವೇ ಗತಿ. ಆರ್ಕೆಸ್ಟ್ರಾಕ್ಕೆ ಆ ಮಣಿಕಟ್ಟು ಒಪ್ಪುವುದಿಲ್ಲ. "ನಂಗೇ ಭಯ ಆಗೋದು. ಇವ್ರು ಮಾತ್ರ ಕನ್ನಡಿ ತಗೊಂಡು ಮೇಲೆ ಹೋಗೋರು" ಎನ್ನುತ್ತಾರೆ ಹೆಂಡತಿ ಅಮೀನಾ.

ಈ ಸಲದ ಪರೀಕ್ಷೆ ಒಂದು ಭಾನುವಾರ. ಅದರ ಹಿಂದಿನ ಶುಕ್ರವಾರ ಬಾಗಲೂರಿನಲ್ಲಿ ಅನಂತರಾಜು ಅವರ ಮಗಳ ಆರತಕ್ಷತೆ. ಅನಂತರಾಜು ಎಂದರೆ ಆರ್ಕೆಸ್ಟ್ರಾದ ಡ್ರಮ್ಮರ್, ಹದಿನೆಂಟು ವರ್ಷ ಒಂದೇ ವ್ಯಾನಿನಲ್ಲಿ ಓಡಾಡಿದ ಗೆಳೆಯ. "ಮಗಾ, ನೀನು ಬಾರಿಸ್ದೆ ನನ್ ಮಗಳ ರಿಸೆಪ್ಷನ್ ಆಗುತ್ತೇನೋ?" ಎಂದು ಫೋನಿನಲ್ಲಿ ಕೇಳಿದರೆ ಇಲ್ಲ ಎನ್ನುವುದು ಹೇಗೆ? ಹೋದರೆ ಎರಡೂವರೆ ಗಂಟೆ ಕುಣಿತದ ಹಾಡು. ಮೂರು ವರ್ಷದಿಂದ ಪಳಗಿಸಿದ ಕೈ ಎರಡು ದಿನ ಮುಂಚೆ ಕೆಟ್ಟರೆ?

ಮುಬಶ್ಶಿರ್ ಹೋದರು. ಆದರೆ ಕ್ಲಾಸಿಕಲ್ ಗಿಟಾರನ್ನೇ ಒಯ್ದರು, ಮಣೆಯನ್ನೂ ಚೀಲಕ್ಕೆ ತುರುಕಿಕೊಂಡರು. ಸುತ್ತ ಎಲ್ಲರೂ ನಿಂತು ಕುಣಿಯುತ್ತಿರುವ ಸ್ಟೇಜಿನ ಮೇಲೆ ಇವರೊಬ್ಬರೇ ಕುರ್ಚಿ ಹಾಕಿಸಿಕೊಂಡು, ಮಣೆಯ ಮೇಲೆ ಕಾಲಿಟ್ಟು, ಗಿಟಾರಿನ ಮುಂದೆ ಮೈಕ್ ಇರಿಸಿಕೊಂಡು ಕೂತರು. ಹಾಡುಗಾರ ಮೈಕಿನಲ್ಲೇ, "ಏನ್ ಗುರು, ಕಟಿಂಗ್ ಮಾಡಿಸ್ಕೊಳ್ಳೋಕೆ ಕೂತಂಗಿದ್ಯಲ್ಲ!" ಎಂದ. ಛತ್ರಕ್ಕೆ ಛತ್ರವೇ ನಕ್ಕಿತು. ಅನಂತರಾಜು ಕೂಡ ಡ್ರಮ್ಮಿನ ಮೇಲೆ ಒಂದು ಏಟು ಹಾಕಿ ನಕ್ಕರು. ಇವರೂ ನಕ್ಕು, ಹೆಬ್ಬೆರಳನ್ನು ಮಾತ್ರ ಜಾಗದಲ್ಲೇ ಇಟ್ಟುಕೊಂಡರು.

"ಸ್ಪೀಡ್ ಹಾಡು ಬಂದಾಗೆಲ್ಲ ಮೇಲೆ ಬರ್ಲಾ, ಬರ್ಲಾ ಅಂತ ಕೇಳೋದು. ಕೂತ್ಕೋ ಅಂತ ಗದರಿಸ್ತಿದ್ದೆ. ಒಂದು ಸಲಾನೂ ಬರ್ಲಿಲ್ಲ ಕಣ್ರೀ! ನಾನು ಪಾಸಾಗಿದ್ದು ಅವತ್ತೇ. ಭಾನುವಾರ ಸುಮ್ನೆ ಹೋಗಿ ಹಾಜರಿ ಹಾಕಿ ಬಂದೆ" ಎನ್ನುವಾಗ ಅವರ ದನಿಯಲ್ಲಿ ಅಳುಕಿಲ್ಲ. ಮಣಿಕಟ್ಟೂ ಅಂದು ನೋಯಲಿಲ್ಲವಂತೆ.

ಭಾನುವಾರ ಪರೀಕ್ಷಕರು ಕೇಳಿದ ಸ್ಕೇಲುಗಳನ್ನೆಲ್ಲ ಮೂರು ಸ್ಥಾಯಿಯಲ್ಲಿ ಹತ್ತಿಸಿ ಇಳಿಸಿದರು. ಫಲಿತಾಂಶ ಬಂದದ್ದು ಕಳೆದ ವಾರ. ಎಂಟನೇ ಗ್ರೇಡ್, ಪಾಸ್. ಶಾಲೆಯ ಕಚೇರಿಯಲ್ಲಿ ಅದರ ಪ್ರತಿ ಕೊಟ್ಟು ಬಂದಿದ್ದಾರೆ. ಬರುವ ಜೂನ್‌ಗೂ ಆ ಮೂವತ್ನಾಲ್ಕು ಮಕ್ಕಳು ಅವರವೇ. ಅಮೀನಾ ಬೀದಿಗೆಲ್ಲ ಶಾವಿಗೆ ಪಾಯಸ ಹಂಚಿದ್ದಾರೆ. ವರಲಕ್ಷ್ಮಮ್ಮ ಪಾಯಸ ತಿಂದು, ಇನ್ನಾದರೂ ಹಾಡು ಬರುತ್ತದೆಯೇ ಎಂದು ಕೇಳಿ ಆಗಿದೆ. ಮರುದಿನ ಐದೂವರೆಗೆ ತಾರಸಿಯಿಂದ ಕೇಳಿಸಿದ್ದು ಮಾತ್ರ ಮತ್ತೆ ಸ್ಕೇಲೇ.

ತರಗತಿಯಲ್ಲಿ ಮಕ್ಕಳು ಮೇಷ್ಟ್ರ ಅಂಕಪಟ್ಟಿ ನೋಡಲೇಬೇಕೆಂದು ಹಠ ಹಿಡಿದರು. ಫೇಲಾದದ್ದನ್ನು ಹೇಳಿದವರು ಪಾಸಾದದ್ದನ್ನು ತೋರಿಸದೆ ಇರುತ್ತಾರೆಯೇ? ಹಾಳೆ ಕೈಯಿಂದ ಕೈಗೆ ಹೋಗಿ, ಮೂರನೇ ಗ್ರೇಡ್ ಪಾಸಾದ ವೇದಾಳ ಬಳಿ ನಿಂತಿತು. ಹನ್ನೆರಡು ವರ್ಷದ ವೇದಾ ಮೊದಲ ಸಲ ಗಿಟಾರ್ ಮುಟ್ಟಿದ್ದೇ ಇವರ ಹೊಸ ಹಿಡಿತದ ಕಾಲದಲ್ಲಿ. ಹುಡುಗಿ ಒಂದೊಂದೇ ಸಾಲು ಓದಿ, ತಲೆ ಎತ್ತಿ, ಸ್ವಲ್ಪ ಸಂಕೋಚದಿಂದಲೇ ಹೇಳಿದಳು. "ಸಾರ್, ಸ್ಕೇಲ್ಸಲ್ಲಿ ನಿಮ್ಗೆ ಇಪ್ಪತ್ತಕ್ಕೆ ಹದಿನೇಳು. ನಂಗೆ ಹದಿನೆಂಟು."

ಮುಬಶ್ಶಿರ್ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ಬರ್ಲೇಬೇಕಲ್ಲಮ್ಮ" ಎಂದರು. "ನಿಂಗೆ ಮೊದಲ್ನೇ ದಿನದಿಂದ ಸರಿಯಾಗಿ ಹೇಳ್ಕೊಡೋರು ಒಬ್ಬರಿದ್ರು. ನಂಗಿರ್ಲಿಲ್ಲ."