ಪರೀಕ್ಷೆ ಚೀಟಿ ಇಲ್ಲದ ಭಾವ

ಮನುಷ್ಯನಾಗಿ ಹುಟ್ಟಿದವನನ್ನು ಕೊನೆಯವರೆಗೂ ಕಾಡುವುದು ಸಾವಿನ ಭಯ. ದಿಬ್ಬೂರಹಳ್ಳಿಯ ನನ್ನ ಭಾವನವರಿಗೆ ಮಾತ್ರ ಅದಿರಲಿಲ್ಲ. ಅವರು ಹೆದರುತ್ತಿದ್ದುದು ಡಾಕ್ಟರ ರಬ್ಬರ್ ಕೈಗವಸಿಗೆ.

ಅವರ ಅಣ್ಣ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡು ವರ್ಷವಾಗಿತ್ತು. ಗೊತ್ತಾಗುವ ಹೊತ್ತಿಗೆ ಅದು ಮೂಳೆಗೆ ಇಳಿದಿತ್ತು. ಒಡಹುಟ್ಟಿದವರಿಗೂ ಬರುವ ಸಂಭವ ಹೆಚ್ಚು, ಐವತ್ತು ದಾಟಿದ ತಮ್ಮನೂ ರಕ್ತದ ಪರೀಕ್ಷೆ, ಹಿಂಬದಿಯಿಂದ ಬೆರಳಿಟ್ಟು ನೋಡುವ ಪರೀಕ್ಷೆ ಎರಡನ್ನೂ ಮಾಡಿಸಿಕೊಳ್ಳಲಿ ಎಂದು ಡಾಕ್ಟರು ಆಗಲೇ ಹೇಳಿದ್ದರು. ಜೊತೆಗೆ, ಬಾಡು ಕಡಿಮೆ ಮಾಡಿ, ಟೊಮೆಟೊ, ಸೊಪ್ಪು ತಿನ್ನಿ ಅಂದಿದ್ದರು. ಭಾವನವರು ಈ ಉಪದೇಶದ ಉತ್ತರಾರ್ಧವನ್ನು ಮಾತ್ರ ಶಿರಸಾವಹಿಸಿ ಪಾಲಿಸಿದರು. ಮೂರು ಹೊತ್ತೂ ಟೊಮೆಟೊ ಗೊಜ್ಜು. ಭಾನುವಾರದ ಬಾಡಿನ ಸಾರು ಹೋಗಿ ಬಸ್ಸಾರು ಬಂತು.

ಪರೀಕ್ಷೆಗೆ ಮಾತ್ರ ಹೋಗುತ್ತಿಲ್ಲವೆಂದು ಅಕ್ಕ ಹೊಸ ಮೊಬೈಲಿನಲ್ಲಿ ನನಗೆ ದಿನವೂ ದೂರು ಹೇಳುತ್ತಿದ್ದಳು. ಹಿಂದಿನಿಂದ ಭಾವನವರ ದನಿ: "ಇಷ್ಟ್ ಟೊಮೆಟೊ ತಿಂದೋನಿಗೆ ಯಾವ್ ಕಾಯ್ಲೆ ಬರ್ತೈತೆ, ಬಿಡೇ!" ಅದು ಸಾಲದಿದ್ದರೆ ರೇಷ್ಮೆ ಹುಳು ಇತ್ತು. ಹುಳುವಿಗೆ ಸೊಪ್ಪು ಹಾಕಬೇಕು, ಹುಳು ಪೊರೆ ಬಿಡುತ್ತಿದೆ, ಹುಳು ಗೂಡು ಕಟ್ಟುತ್ತಿದೆ. ರೇಷ್ಮೆ ಸಾಕುವವನಿಗೆ ಊರು ಬಿಡದಿರಲು ನೆವಕ್ಕೇನು ಬರ?

ಒಂದು ಬೆಳಿಗ್ಗೆ ನಾನಲ್ಲಿದ್ದಾಗ, ಹಳೆಯ ಬೆಳೆಯ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿ ಹುಳು ಮನೆ ಖಾಲಿಯಾಗಿತ್ತು. ರೇಷ್ಮೆ ಮೊಟ್ಟೆ ಮಾರುವವನೊಬ್ಬ ಬಂದ.

"ಪರೀಕ್ಷೆ ಚೀಟಿ ಎಲ್ಲಪ್ಪಾ?" ಎಂದರು ಭಾವ.

"ಚೀಟಿ ಯಾಕ್ ಸ್ವಾಮಿ? ಒಳ್ಳೇ ಸೊಪ್ಪು ತಿಂದು ಬೆಳೆದ ಹುಳದ ಮೊಟ್ಟೆ."

"ಸೊಪ್ಪು ತಿಂದ್ರೆ ರೋಗ ಇರಲ್ಲ ಅಂತ ಯಾವನಯ್ಯ ಹೇಳ್ದೋನು? ಒಳಗೆ ಏನೈತೋ ಕಣ್ಣಿಗೆ ಕಾಣ್ತದಾ? ತಾಯಿ ಚಿಟ್ಟೆನ ಪರೀಕ್ಷೆ ಮಾಡ್ಸಿರೋ ಚೀಟಿ ಇದ್ರೆ ಬಾ, ಇಲ್ಲಾಂದ್ರೆ ನಡಿ."

ಅಡುಗೆಮನೆಯಿಂದ ಅಕ್ಕ ಸೌಟಿನ ಸಮೇತ ಹೊರಬಂದಳು. "ಹೋಗ್ಬೇಡ ನಿಂತ್ಕೋಪ್ಪ. ಆ ಮಾತ್ನ ಇವ್ರ ಕೈಲಿ ಇನ್ನೊಂದ್ಸಲ ಹೇಳ್ಸು."

ಭಾವನವರು ಸೂರು ನೋಡಿದರು.

"ಟೊಮೆಟೊ ತಿನ್ನೋರಿಗೆ ಮಾತ್ರ ಚೀಟಿ ಬೇಡ್ವಂತೆ," ಎಂದಳು ಅಕ್ಕ.

"ಭಾವ, ಮನೇಲಿ ಈಗ ಒಂದು ಹುಳಾನೂ ಇಲ್ಲ," ಎಂದೆ ನಾನು.

"ನೀನೂ ಸೇರ್ಕೊಂಡ್ಯಾ?" ಎಂದು ಎದ್ದು ಒಗೆದ ಪಂಚೆ ಹುಡುಕತೊಡಗಿದರು.

ಚಿಕ್ಕಬಳ್ಳಾಪುರದಲ್ಲಿ ಡಾಕ್ಟರಿಗೆ ಗೊಜ್ಜಿನ ವೃತ್ತಾಂತವನ್ನು ಸವಿಸ್ತಾರವಾಗಿ ಅರುಹಿದರು. "ಒಳ್ಳೇದು, ತಿನ್ನಿ. ಆದ್ರೆ ಪರೀಕ್ಷೆಗೆ ಅದು ಬದಲಿ ಅಲ್ಲ," ಎಂದು ಡಾಕ್ಟರು ಕೈಗವಸು ತೊಟ್ಟರು. ಆ ಕೆಲಸ ಒಂದು ನಿಮಿಷವೂ ಹಿಡಿಯಲಿಲ್ಲ. ರಕ್ತವನ್ನೂ ತೆಗೆದುಕೊಂಡರು.

ವರದಿಯಲ್ಲಿ ದೋಷವೇನೂ ಇರಲಿಲ್ಲ. ಮುಂದಿನ ವರ್ಷ ಮತ್ತೆ ಬರಲು ಡಾಕ್ಟರು ಹೇಳಿದರು; ವರ್ಷ ತುಂಬಿದಾಗ ಭಾವನವರು ಹುಳುವಿನ ನೆವ ಹೇಳದೆ ಹೋದರು.